ಹುಲಿಗೆವ್ವನಿಗೆ ನೀರು ಹಾಕದ ಕಳಕವ್ವ

"ಕಳಕವ್ವನ ಎದ್ಯಾಗ ದೇವರು ಹೆದರಿಕಿ ಇಡೂದ ಮರ್ತಾನ" ಎಂದು ಬೆಟಗೇರಿಯ ಆ ಓಣಿಯ ಹೆಂಗಸರು ಹೇಳುತ್ತಿದ್ದರು. ನಳದ ಮುಂದೆ ಕೊಡಗಳು ಪಾಳಿ ಹಚ್ಚಿದಾಗಲೆಲ್ಲ ಈ ಮಾತು ಬರಬೇಕು. ಎದುರು ಮನೆಯ ಅಮೀನಬಿಯದು ಇನ್ನೊಂದು ತೂಕ ಹೆಚ್ಚು. "ಆಕಿ ಬಂದ್ಲಂದ್ರ ಸತ್ತೋರು ಸೈತ ಸೆಟದು ಕುಂಡ್ರತಾರವ್ವಾ, ಎಲ್ಲಿ ಬೈತಾಳೋ ಅಂತ!"

ಹಾಗನ್ನುವುದಕ್ಕೆ ಕಾರಣವಿತ್ತು. ಓಣಿಯಲ್ಲಿ ಹೆಣ್ಣುಮಗಳೊಬ್ಬಳು ತೀರಿಕೊಂಡರೆ ಅಳುವವರು ಅಳುತ್ತ ಕೂತಿರುತ್ತಿದ್ದರು. ಕೆಲಸಕ್ಕೆ ಕಳಕವ್ವ ಬರಬೇಕು. ನೀರು ಕಾಯಿಸಲು ಹೇಳುವವಳು ಅವಳು. ಅರಿಷಿಣ ಹಚ್ಚಿ ಮೈ ತೊಳೆದು, ತಲೆ ಬಾಚಿ, ಹೊಸ ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸಿ, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟು, "ಬರ್ರಿ ಈಗ" ಎಂದು ಬಾಗಿಲು ತೆರೆಯುವವಳೂ ಅವಳೇ. ನೀರು ಹಾಕುವಾಗ ಸುಮ್ಮನೆ ಇರುತ್ತಿರಲಿಲ್ಲ. ಕೂಸಿಗೆ ಎರೆಯುವವರು ಮಾತಾಡಿಸುವಂತೆ ಮಾತಾಡಿಸುವಳು. "ತಲಿ ಬಗ್ಗಸ ನನ್ನವ್ವಾ... ಆತು, ಆತು, ಇನ್ನೊಂದು ತಂಬಗಿ... ಎಷ್ಟು ಬಿಗದಿದೀ ಬೇ ಕೈ, ಬಿಡು ಅತ್ಲಾಗ." ಹೊರಗೆ ಕೂತವರಿಗೆ ಈ ಮಾತು ಕೇಳುತ್ತಿತ್ತು. ಕೇಳಿದಷ್ಟು ಹೊತ್ತು ಅಳು ತಾನೇ ತಗ್ಗುತ್ತಿತ್ತು.

ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ತೀರಿಕೊಂಡಿದ್ದಳು. ನೀರು ಹಾಕಲು ಯಾರೂ ಮುಂದೆ ಬರಲಿಲ್ಲ. ಇನ್ನೂ ಮೈಯ ಅರಿಷಿಣ ಆರದ ಸೊಸೆ ಸೆರಗು ಕಟ್ಟಿ ಒಳಗೆ ಹೋದಳು. ಅಲ್ಲಿಂದ ಆ ಕೆಲಸ ಅವಳದಾಯಿತು. ಗಂಡ ಸಕ್ರಪ್ಪ ಇದ್ದಷ್ಟು ದಿನ ಗೊಣಗಿದ, ಆಮೇಲೆ ಅವನೂ ಹೋದ. ಮಗ ಹೊನ್ನೇಶ ದೊಡ್ಡವನಾದ. ಮುಂಡರಗಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವ ನೌಕರಿ ಹಿಡಿದು ದಿನಾ ಬಸ್ಸಿಗೆ ಓಡಾಡುತ್ತಿದ್ದ. "ಯವ್ವಾ, ಮುಂಡರಗ್ಯಾಗ ಮನಿ ಮಾಡೂಣು, ಇದೂ ಬಾಡಿಗಿ ಮನೀನ ಅಲ್ಲನು" ಎಂದು ಅವನು ಅಂದರೆ, "ನಾ ಹ್ವಾದ್ರ ಈ ಓಣಿ ಮಂದಿಗೆ ನೀರು ಹಾಕವರ್ಯಾರು?" ಎಂದು ಕಳಕವ್ವ ಎದ್ದು ಒಳಗೆ ಹೋಗುವಳು. ಆ ಮಾತಿನಲ್ಲಿ ಒಂದಿಷ್ಟು ಡೌಲೂ ಇತ್ತು. ಇಲ್ಲ ಅನ್ನುವಂತಿಲ್ಲ.

ಇನ್ನೊಂದು ಚಟ ಅವಳಿಗೆ ಓದುವುದು. ತವರು ಹಮ್ಮಿಗಿಯ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು. ಅಯ್ಯೂಬನ ರದ್ದಿ ಅಂಗಡಿಯಿಂದ ಹಳೆಯ ಕಾದಂಬರಿ ತಂದು ಓದಿ, ಮತ್ತೆ ಅಲ್ಲೇ ಒಗೆದು ಇನ್ನೊಂದು ತರುವಳು. ಅಣ್ಣ ತಮ್ಮ ಅಗಲಿದ್ದು, ಮಲತಾಯಿ ಕಾಡಿದ್ದು, ಕಳೆದುಹೋದ ಮಗಳು ಮದುವೆ ಹಂದರದಲ್ಲಿ ಸಿಕ್ಕಿದ್ದು ಇಂಥವು ಬೇಕು. ಓದುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು. ದೆವ್ವದ ಕಾದಂಬರಿ ಕೊಟ್ಟರೆ ಮಾತ್ರ ಅಯ್ಯೂಬನ ಮುಖದ ಮೇಲೇ ನಗುವಳು. "ಇದನ್ನ ಬರದಾಂವ ಹೆಣ ಮುಟ್ಟಿ ನೋಡಿಲ್ಲ ಬಿಡು. ಸತ್ತೋರೇನು ಮಾಡ್ತಾರೋ ಅಯ್ಯೂಬಾ? ಇದ್ದೋರಿಗಿಂತ ಬೇಶಿರ್ತಾರ. ಬಗ್ಗಂದ್ರ ಬಗ್ಗತಾರ, ತಿರಗಂದ್ರ ತಿರಗತಾರ."

ಅಂಥವಳ ಕೈಗೆ ದೆವ್ವದ ಪುಸ್ತಕ ಹಿಡಿಸಿದವಳು ಹುಲಿಗೆವ್ವ.

ಹುಲಿಗೆವ್ವ ಪಕ್ಕದ ಮನೆಯವಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. ಒಬ್ಬಳ ಮನೆಯ ಹಿಟ್ಟು ಇನ್ನೊಬ್ಬಳ ಮನೆಯ ಹಂಚಿನ ಮೇಲೆ ರೊಟ್ಟಿಯಾಗಿತ್ತು, ಮಕ್ಕಳು ಯಾರ ಮನೆಯಲ್ಲಿ ಹಸಿವಾಯಿತೋ ಅಲ್ಲಿ ಉಂಡಿದ್ದವು. ಹುಲಿಗೆವ್ವನ ಮೂತ್ರಪಿಂಡ ಕೆಟ್ಟು ಅವಳು ಹಾಸಿಗೆ ಹಿಡಿದ ಮೇಲೆ ಕಳಕವ್ವ ಮಧ್ಯಾಹ್ನಗಳಲ್ಲಿ ಅವಳ ತಲೆದೆಸೆ ಕೂತು ಕಾದಂಬರಿ ಓದಿ ಹೇಳುತ್ತಿದ್ದಳು. ಹುಲಿಗೆವ್ವನ ಸೊಸೆ ಕಾವೇರಿ ಬಾಗಿಲಿನ ಹತ್ತಿರ ಜೋಳ ಹಸನು ಮಾಡುತ್ತ ತಾನೂ ಕೇಳುವಳು.

ಒಂದು ದಿನ ಹುಲಿಗೆವ್ವ ಕೈ ಎತ್ತಿ ನಿಲ್ಲಿಸಿದಳು. "ಸಾಕ್ ಮಾಡ ಬೇ. ಅತ್ತು ಅತ್ತು ನನ್ನ ಮೈಯಾನ ನೀರೆಲ್ಲಾ ಹ್ವಾತು. ಒಂದು ದೆವ್ವದ್ದು ತಗೊಂಡು ಬಾ. ಸಾಯೂಕಿಂತ ಮೊದಲು ಒಮ್ಮೆರ ಛಲೋತ್ನ್ಯಾಗಿ ಅಂಜಿ ನೋಡ್ತೀನಿ."

"ಥೂ ನಿನ್ನ, ಅದು ಹುಡುಗಾಟದ್ದು."

"ನಾ ಏನ ಮುದುಕಿ ಆಗೀನೇನು ಹಂಗಾರ?"

ಕಳಕವ್ವ ನಗುತ್ತಲೇ ಹೋಗಿ ತಂದಳು. ಮುಖಪುಟ ಹರಿದ, ಅಂಚು ಮಡಚಿದ ಪುಸ್ತಕ. ಹೆಸರೂ ಇಲ್ಲ, ಬರೆದವನೂ ಇಲ್ಲ. ಮೊದಲ ಪುಟಗಳನ್ನು ಅಣಗಿಸುತ್ತಲೇ ಓದಿದಳು. ಬಾಗಿಲು ಕಿರ್ರೆಂದಿತು ಎಂದು ಬರೆದಲ್ಲಿ "ಎಣ್ಣಿ ಬಿಟ್ಟಿದ್ದಿಲ್ಲ" ಎಂದಳು. ನಾಯಿ ಊಳಿಟ್ಟಿತು ಎಂದಲ್ಲಿ "ಹಸಿದಿತ್ತು" ಎಂದಳು. ಹುಲಿಗೆವ್ವ ನಕ್ಕು ನಕ್ಕು ಕೆಮ್ಮಿದಳು.

ಆಮೇಲೆ ಒಂದು ಕಡೆ ಕಳಕವ್ವನ ಬಾಯಿ ನಿಂತಿತು.

ಕಥೆಯಲ್ಲಿ ಒಂದು ದೊಡ್ಡ ಮನೆಯ ಹಿರಿಯ ಸೊಸೆ ಸತ್ತಿದ್ದಾಳೆ. ಒಬ್ಬ ಹೆಂಗಸು ಬಂದು ಅವಳಿಗೆ ನೀರು ಹಾಕುತ್ತಿದ್ದಾಳೆ. ಸೀರೆ ಉಡಿಸಿ ಕೂಡಿಸಿ, ಕೈ ತೊಡೆಯ ಮೇಲೆ ಇಟ್ಟಳು. ಕೈ ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿತು. ಎಷ್ಟು ಸಲ ಜಾರಿದರೂ ಆ ಕೈ ನೀರು ಹಾಕಿದವಳ ಕಡೆಗೇ ಜಾರುತ್ತಿತ್ತು.

ಇದು ಸುಳ್ಳಲ್ಲ. ಕಳಕವ್ವನಿಗೆ ಗೊತ್ತಿತ್ತು. ಎಲ್ಲರ ಕೈಯೂ ಜಾರುತ್ತದೆ. ಅದಕ್ಕೇ ಅವಳು ಸೀರೆಯ ಚುಂಗಿನಿಂದ ಒಂದು ಚಿಂದಿ ಹರಿದು ಎರಡೂ ಮಣಿಕಟ್ಟು ಕೂಡಿಸಿ ಕಟ್ಟುತ್ತಿದ್ದಳು. ಇಷ್ಟು ವರ್ಷ ಕಟ್ಟಿದ್ದಳು, ಯಾಕೆ ಜಾರುತ್ತದೆಂದು ಕೇಳಿಕೊಂಡಿರಲಿಲ್ಲ. ಈಗ ಪುಸ್ತಕ ಕೇಳಿತು: ಈ ಕೈಗೆ ಏನು ಬೇಕಾಗಿದೆ?

"ಯಾಕ ನಿಂತೀ? ಓದು" ಎಂದಳು ಹುಲಿಗೆವ್ವ. ಅವಳ ಕಣ್ಣುಗಳು ಖುಷಿಯಿಂದ ಹೊಳೆಯುತ್ತಿದ್ದವು.

ಕಳಕವ್ವ ಓದಿದಳು. ದನಿ ಮೊದಲಿನಂತೆ ಬರಲಿಲ್ಲ. ಆ ಕೈ ನೀರು ಹಾಕಿದವಳ ಸೆರಗು ಹಿಡಿಯಿತು. ಹೆಂಗಸು ತಿರುಗಿ ನೋಡಿದಳು. ಹೆಣದ ತುಟಿ ತೆರೆಯಿತು, ಅದು ಹೇಳಿದ್ದು— ಅಷ್ಟಕ್ಕೆ ಪುಟ ಮುಗಿಯಿತು. ಮುಂದೆ ರಟ್ಟು. ಕೊನೆಯ ಹಾಳೆಗಳೇ ಇರಲಿಲ್ಲ.

"ಅಯ್ಯ ಇವನ! ಏನಂತ ಹೇಳ್ತು ಹೆಣ?" ಹುಲಿಗೆವ್ವ ಎದ್ದು ಕೂರಲು ನೋಡಿದಳು.

ಕಳಕವ್ವ ಅವತ್ತೇ ಅಯ್ಯೂಬನ ಅಂಗಡಿಗೆ ಹೋದಳು. ಅವನು ರದ್ದಿ ಕೆದಕಿ ಕೈ ಝಾಡಿಸಿದ. "ಕಳಕವ್ವಕ್ಕಾ, ಆ ಹಾಳಿ ಯಾವದರ ಬಂಡಿ ಮ್ಯಾಗ ಭಜಿ ಕಟ್ಟಿಕೊಂಡು ಹೋಗಿರ್ತಾವ. ತಿಂದಾಂವನ್ನ ಹುಡಕ್ರಿ, ಆಂವಗ ಗೊತ್ತಿರ್ತೈತಿ." ಹಿಂದೆಂದಾದರೂ ಆಗಿದ್ದರೆ ಅವಳು ಅವನಿಗಿಂತ ದೊಡ್ಡದಾಗಿ ನಗುತ್ತಿದ್ದಳು.

ಖಾಲಿ ಕೈಯಲ್ಲಿ ಬಂದವಳಿಗೆ ಹುಲಿಗೆವ್ವ ಸಮಾಧಾನ ಹೇಳಿದಳು. "ಇರ್ಲಿ ತಗೋ. ನಾ ಹ್ಯಾಂಗೂ ಹೊಂಟಾಕಿ. ನೀ ನನಗ ನೀರು ಹಾಕೂ ಮುಂದ, ಅದು ಏನ್ ಹೇಳ್ತು ಅಂತ ನಿನ್ನ ಕಿವ್ಯಾಗ ಹೇಳಿ ಹೋಗ್ತೀನಿ." ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ನಗು ಬಿಟ್ಟು ಕಳಕವ್ವನ ಮುಂಗೈ ಹಿಡಿದಳು. "ಚಾಷ್ಟಿ ಅಲ್ಲ. ನೀನ ಹಾಕಬೇಕ ನೋಡು. ಬ್ಯಾರೆದಾರ ಕೈಗೆ ನನ್ನ ಕೊಡಬ್ಯಾಡ. ನಾಚಿಕಿ ಬರ್ತೈತಿ ನನಗ."

"ಹೂಂ ಬೇ, ನಾನ ಹಾಕ್ತೀನಿ" ಎಂದಳು ಕಳಕವ್ವ.

ಹೆದರಿಕೆ ಹೇಗೆ ಬಂತೆಂದರೆ, ಹಾಡುಹಗಲೇ ಬಂತು. ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಕಣ್ಣು ಮುಚ್ಚಿದರೆ ಯಾರೋ ಸೆರಗು ಹಿಡಿದಂತೆ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ತೊಡೆಯ ಮೇಲಿಂದ ಒಂದು ಕೈ ಜಾರಿದಂತೆ. ತಾನು ತೊಳೆದ ಕೈಗಳೆಲ್ಲ ನೆನಪಾದವು: ಬಳೆ ಒಡೆದ ಕೈ, ಮಗ್ಗ ನೇಯ್ದು ಬೆರಳು ಸೊಟ್ಟಾದ ಕೈ, ಹಸಿ ಬಾಣಂತಿಯ ಮೆತ್ತನೆ ಕೈ. ಎಲ್ಲವೂ ತನ್ನ ಕಡೆಗೇ ಜಾರಿದ್ದವಲ್ಲ! ಇದನ್ನು ಯಾರಿಗೆ ಹೇಳುವುದು? ಓಣಿಯ ಮಕ್ಕಳು ಅಂಜಿದರೆ ತಾಯಂದಿರು ಕರೆದುಕೊಂಡು ಬರುವುದು ಅವಳ ಹತ್ತಿರ. ಅವಳು ಎಲ್ಲಿ ಹೋಗಬೇಕು?

ಹುಲಿಗೆವ್ವ ಒಂದು ಮುಂಜಾನೆ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟು ಹೋಗಿಬಿಟ್ಟಳು. ಕಳಕವ್ವ ಅಂಗಳ ಗುಡಿಸುತ್ತಿದ್ದಳು. ಕಾವೇರಿ ಬಿಚ್ಚಿದ ತಲೆಯಲ್ಲೇ ಓಡಿ ಬಂದಳು.

"ಚಿಗವ್ವಾ... ಅತ್ತಿ ಹೋದ್ರು. ನಡೀರಿ. ನೀರು ಕಾಯಾಕ ಇಟ್ಟೀನಿ."

ಕಳಕವ್ವನಿಗೆ ಗೆಳತಿ ಹೋದಳೆಂಬ ದುಃಖ ಬರುವ ಮೊದಲೇ "ಕಿವ್ಯಾಗ ಹೇಳಿ ಹೋಗ್ತೀನಿ" ಎಂಬ ಮಾತು ಬಂದು ಎದುರಿಗೆ ನಿಂತಿತು. ಮೊಣಕಾಲು ನೋವೆನ್ನಬಹುದಿತ್ತು, ಜ್ವರ ಎನ್ನಬಹುದಿತ್ತು. ಹಾಗೆಂದರೆ ಕಾವೇರಿ ಕೈ ಹಿಡಿದು ನಡೆಸಿಕೊಂಡೇ ಹೋಗುತ್ತಿದ್ದಳು. ಯಾರೂ ಎದುರಾಡಲಾಗದ ಒಂದೇ ಕಾರಣ ಓಣಿಯಲ್ಲಿ ಇತ್ತು. ಮನೆಯಲ್ಲಿ ಬಸುರಿ ಇದ್ದರೆ ಆ ಮನೆಯವರು ಹೆಣ ಮುಟ್ಟುವಂತಿಲ್ಲ. ಈ ಕಟ್ಟಳೆಯನ್ನು ಬಿಗಿಯಾಗಿ ಕಾಯ್ದವಳೂ ಕಳಕವ್ವನೇ; ಎಷ್ಟೋ ಜನರನ್ನು "ನಿಮ್ಮ ಮನ್ಯಾಗ ಹೊಟ್ಟಿಲೆ ಇದ್ದಾಕಿ ಅದಾಳ, ನೀ ಹೊರಗ ಇರು" ಎಂದು ಹೊಸ್ತಿಲಲ್ಲೇ ತಡೆದಿದ್ದಳು.

"ನಾ ಬರೂವಂಗಿಲ್ಲವಾ ಕಾವೇರಿ" ಎಂದಿತು ಅವಳ ಬಾಯಿ. "ನಮ್ಮ ಭಾಗ್ಯಾ ಹೊಟ್ಟಿಲೆ ಅದಾಳ."

ಭಾಗ್ಯಾ ಹೊನ್ನೇಶನ ಹೆಂಡತಿ, ಅಸುಂಡಿಯವಳು. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತೋರಿಸದ ದವಾಖಾನೆಯಿಲ್ಲ, ಕಟ್ಟದ ಹರಕೆಯಿಲ್ಲ. ನಳದ ಹತ್ತಿರ ಯಾರಾದರೂ ಅವಳ ಹೊಟ್ಟೆ ನೋಡಿದರೆ "ನಿನ್ನ ಕೊಡ ತುಂಬೇತಿ, ಎತ್ತು" ಎಂದು ಕಳಕವ್ವನೇ ಗದರಿಸಿ, ಓಣಿಯ ಬಾಯಿ ಕಟ್ಟಿದ್ದಳು. ಆ ಮುಂಜಾನೆ ಭಾಗ್ಯಾ ಗದಗಿನ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗಿಯಾಗಿತ್ತು.

ಕಾವೇರಿಯ ಅಳು ಅರೆಕ್ಷಣ ನಿಂತಿತು. ಮುಖದಲ್ಲಿ ಏನೋ ಬೆಳಕಾಯಿತು. "ಖರೇನ ಚಿಗವ್ವಾ?" ಎಂದು ಕಳಕವ್ವನ ಎರಡೂ ಕೈ ಹಿಡಿದಳು. "ಬ್ಯಾಡ ಹಂಗಾರ, ನೀವು ಬರಬ್ಯಾಡ್ರಿ. ಅತ್ತಿ ಎಲ್ಲಿ ಹೋಗ್ತಾರ, ನಿಮ್ಮ ಮನೀಗೇ ಬರ್ತಾರ ನೋಡ್ರಿ! ಭಾಗ್ಯಾನ ಹೊಟ್ಯಾಗ ಹುಟ್ಟಿ ಬರ್ತಾರ!"

ಪಕ್ಕದ ಮನೆಯಲ್ಲಿ ಅವತ್ತು ಯಾರ್ಯಾರೋ ಕೂಡಿ ನೀರು ಹಾಕಿದರು. ಕಳಕವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ತಂಬಿಗೆಯ ಸದ್ದು ಕೇಳಿತು, ಮಾತಾಡಿಸುವ ದನಿ ಕೇಳಲಿಲ್ಲ. ಒಬ್ಬಳು "ಸೀರಿ ಉಲ್ಟಾ ಆತಲ್ಲ" ಅಂದಳು, ಇನ್ನೊಬ್ಬಳು "ಯಾರಿಗೆ ಬರ್ತೈತೆವ್ವಾ ಇದು" ಅಂದಳು. ಭಜನೆ ಶುರುವಾಯಿತು. ಹುಲಿಗೆವ್ವನನ್ನು ಕೂಡಿಸಿದಂತೆಯೇ ಹೊತ್ತು ಒಯ್ಯುವಾಗ ಕಳಕವ್ವ ಕಿಡಕಿಯ ಹಿಂದೆ ನಿಂತಿದ್ದಳು. ಮುಖ ನೋಡುವ ಧೈರ್ಯವೂ ಆಗಲಿಲ್ಲ. ಬೆನ್ನು ಕಂಡಿತು.

ಸಂಜೆ ಭಾಗ್ಯಾ ಬಂದಳು. ಅವಳು ಓಣಿಯ ಬಾಯಿಗೆ ಕಾಲಿಟ್ಟಲ್ಲಿಂದ ಮನೆ ಮುಟ್ಟುವವರೆಗೆ ಹೆಂಗಸರು ಬಿಡಲಿಲ್ಲ. "ಹೆಣ ಹೋದ ದಾರಿ ದಾಟಬ್ಯಾಡವಾ, ಈ ಕಡಿಂದ ಬಾ." "ಮುಚ್ಚಿಟ್ಟಿದ್ದೇನು ಕಳ್ಳಿ?" ಅಮೀನಬಿ ಹುಣಸೆಹಣ್ಣಿನ ಉಂಡೆಯನ್ನು ಕೈಯಲ್ಲಿಟ್ಟಳು. ಭಾಗ್ಯಾ ಅದನ್ನು ಹಿಡಿದುಕೊಂಡೇ ಒಳಗೆ ಬಂದು ಅತ್ತೆಯ ಮುಂದೆ ನಿಂತಳು.

"ಅತ್ತಿ, ಯಾಕ ಹಂಗ ಹೇಳಿದ್ರಿ?"

ಪುಸ್ತಕ ಓದಿ ಅಂಜಿದೆ ಎಂದು ಹೇಗೆ ಹೇಳುವುದು? "ಬಾಯಿಗೆ ಬಂತು" ಎಂದಳು ಕಳಕವ್ವ, ನೆಲ ನೋಡುತ್ತ.

"ನಿಮ್ಮ ಬಾಯಿಗೆ ಬಂದದ್ದು ನನ್ನ ಹೊಟ್ಟಿಗೆ ಬರ್ತೈತೇನ್ರಿ?"

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಹೊನ್ನೇಶನೂ ಬಂದ, ಕೈಯಲ್ಲಿ ಪೇಢೆಯ ಡಬ್ಬಿ. ಬಸ್‌ಸ್ಟ್ಯಾಂಡಿನಲ್ಲೇ ಯಾರೋ ಅವನಿಗೆ ಹೇಳಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವನ ಮುಖ ಸಣ್ಣ ಹುಡುಗನ ಮುಖದಂತೆ ಇತ್ತು. ಭಾಗ್ಯಾ ಅವನನ್ನು ಒಳಗೆ ಕರೆದುಕೊಂಡು ಹೋದಳು. ಏನು ಮಾತಾಡಿದರೋ ಕಳಕವ್ವನಿಗೆ ಕೇಳಲಿಲ್ಲ. ಅವನು ಹೊರಗೆ ಬಂದು, ತಾಯಿಯ ಕಡೆ ನೋಡದೆ, ಡಬ್ಬಿಯನ್ನು ಗೋಡೆಯ ಮಾಡಿನಲ್ಲಿ ಇಟ್ಟು, ಕೈಕಾಲು ತೊಳೆಯಲು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಭಾಗ್ಯಾ ಅಸುಂಡಿಗೆ ಹೋದಳು. "ತವರೀಗೆ ಖಬರ ಕೊಡಾಕ ಹೋಗ್ಯಾಳ" ಎಂದು ಓಣಿ ಸಂತೋಷಪಟ್ಟಿತು. ಕಳಕವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಹುಲಿಗೆವ್ವನ ಮಣ್ಣಿಗೆ ಹಾಲು ಹಾಕಿ ಬಂದ ಮೇಲೆ ಕಾವೇರಿ ಒಂದು ಗಂಟು ಹೊತ್ತು ಬಂದಳು. ಬಿಚ್ಚಿದರೆ ಹುಲಿಗೆವ್ವನ ಹಳೆಯ ಸೀರೆಗಳು, ಉಟ್ಟು ಉಟ್ಟು ಮೆತ್ತಗಾದವು. "ಚಿಗವ್ವಾ, ಕೂಸಿಗೆ ಕೌದಿ ಹೊಲೀರಿ. ಅತ್ತಿ ಬಂದು ತನ್ನ ಸೀರ್ಯಾಗ ತಾನ ಮಲಗ್ಲಿ" ಎಂದಳು. ಮೇಲಿದ್ದದ್ದು ಹಸಿರು ಸೀರೆ. ಅದನ್ನುಟ್ಟೇ ಹುಲಿಗೆವ್ವ ಹಾಸಿಗೆಯಲ್ಲಿ ಕೂತು ಕಥೆ ಕೇಳುತ್ತಿದ್ದಳು.

ಕಳಕವ್ವನಿಗೆ ಅದನ್ನು ಮುಟ್ಟಲಾಗಲಿಲ್ಲ. ಈ ಸಲ ತಡೆದದ್ದು ಹೆದರಿಕೆಯಲ್ಲ.

"ಒಯ್ಯ ತಂಗಿ ಇದನ್ನ" ಎಂದಳು. "ಕೂಸಿಲ್ಲ. ಭಾಗ್ಯಾ ಬಸರಾಗಿಲ್ಲ. ನಾ ಸುಳ್ಳು ಹೇಳೀನಿ. ನಿಮ್ಮತ್ತಿಗೆ ನೀರು ಹಾಕಾಕ ನನಗ ಅಂಜಿಕಿ ಬಂದಿತ್ತು. ಆ ಪುಸ್ತಕ ಓದಿದ್ದೆನಲ್ಲಾ, ಅದರ ಸಲುವಾಗಿ."

ಕಾವೇರಿ ಸೀರೆಗಳನ್ನು ಒಂದೊಂದೇ ಮಡಚಿ ಗಂಟಿಗೆ ಹಾಕಿದಳು. ಆಮೇಲೆ ಅಂದಳು. "ಅವರ ಕೈ ನಿಲ್ಲವಲ್ಲದಾಗಿತ್ತು ಚಿಗವ್ವಾ. ಹ್ಯಾಂಗಿಟ್ರೂ ಜಾರತಿತ್ತು. ಕಟ್ಟಬೇಕು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಭಜನಿ ಮುಗಿಯೂತನಕಾ ನಾನ ಹಿಡಕೊಂಡು ಕುಂತಿದ್ದೆ."

ಕಳಕವ್ವ ತಲೆ ಎತ್ತಿದಳು. "ಏನ್... ಏನ್ ಅನಸ್ತು?"

"ಏನ್ ಅನಸ್ತೈತಿ? ತಣ್ಣಗಿತ್ತು. ನಮ್ಮತ್ತಿ ಕೈ." ಗಂಟು ಎತ್ತಿಕೊಂಡಳು. ಬಾಗಿಲಲ್ಲಿ ನಿಂತಳು. "ನಿನ್ನಿ ರಾತ್ರಿ ಮೊದಲನೇ ಸಲ ನಿದ್ದಿ ಬಂದಿತ್ತು ನನಗ, ಅವರು ತಿರುಗಿ ಬರ್ತಾರ ಅಂತ ತಿಳಕೊಂಡು. ಅದನ್ನೂ ಕಸಗೊಂಡ್ರಿ" ಎಂದು ಹೋದಳು.

ಉಳಿದವರಿಗೆ ಕಾವೇರಿ ಹೇಳಲಿಲ್ಲ. ಕಳಕವ್ವನೇ ಹೇಳಬೇಕಾಯಿತು. ಭಾಗ್ಯಾನ ಹೊಟ್ಟೆ ನೋಡಲು ಕಾದ ಕಣ್ಣುಗಳ ಎದುರೇ, ನಳಕ್ಕೆ ನೀರು ಬಂದ ಹೊತ್ತಿನಲ್ಲಿ, ಕೊಡ ಕೆಳಗಿಟ್ಟು ಹೇಳಿದಳು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಬ್ಬಳು ಕಿಸಕ್ಕೆಂದಳು. ಆ ನಗು ಪಾಳಿಯ ತುದಿಯವರೆಗೆ ಹೋಯಿತು.

"ಪುಸ್ತಕ ಓದಿ? ನೀನಾ?"

"ನಾವು ನಿನ್ನ ನೋಡಿ ಧೈರ್ಯಾ ತಗೊಂಡೇವಿ, ನೀ ರದ್ದಿ ನೋಡಿ ಕಳಕೊಂಡ್ಯೇನಕ್ಕಾ?" ಎಂದಳು ಅಮೀನಬಿ. ಆದರೆ ನಗಲಿಲ್ಲ. "ಅಂಜಿದ್ದಕ್ಕ ಏನೂ ಇಲ್ಲ. ಎಲ್ಲಾರೂ ಅಂಜ್ತೀವಿ. ಆ ಹುಡುಗಿ ಹೆಸರು ಯಾಕ ತಗೊಂಡಿ? ಆಕಿ ಹೊಟ್ಟೀನ ಸಿಕ್ತೇನು ನಿನಗ ಬಚ್ಚಿಟ್ಟುಕೊಳ್ಳಾಕ?"

ಕಳಕವ್ವ ಕೊಡ ತುಂಬಿಸದೆ ತಿರುಗಿ ಬಂದಳು.

ಕಳಕವ್ವ ಅಸುಂಡಿಗೆ ಹೋದಾಗ ಭಾಗ್ಯಾ ಅಟ್ಟದ ಕೆಳಗೆ ಶೇಂಗಾ ಸುಲಿಯುತ್ತಿದ್ದಳು. ಬೀಗತಿ ಚಹಾ ಕೊಟ್ಟು ಹಿತ್ತಲಿಗೆ ಹೋದಳು. ಕಳಕವ್ವ ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತು, ತಾನೂ ನಾಲ್ಕು ಕಾಯಿ ಸುಲಿದು, ಎಲ್ಲವನ್ನೂ ಹೇಳಿದಳು. ಪುಸ್ತಕ, ಕೈ, ಹುಲಿಗೆವ್ವನ ಚಾಷ್ಟಿ, ನಳದ ಹತ್ತಿರದ ನಗು. "ಓಣಿ ಮುಂದ ನನ್ನ ಬಾಯಿಲೇನ ಹೇಳೀನಿ. ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಮನೀಗೆ ಬಾ ನನ್ನವ್ವಾ."

ಭಾಗ್ಯಾ ಬೊಗಸೆಯ ಸಿಪ್ಪೆ ಊದಿದಳು. "ಅತ್ತಿ, ನೀವು ಅಂಜಿದ್ದು ನನಗ ತಿಳೀತೈತ್ರಿ. ನಾನೂ ದವಾಖಾನಿ ಬಾಗಲಾ ಕಂಡ್ರ ಅಂಜ್ತೀನಿ. ಆದ್ರ ಆ ಓಣ್ಯಾಗ ನಾ ಇನ್ನ ತಲಿ ಎತ್ತಿ ನಡ್ಯಾಕ ಆಗಂಗಿಲ್ಲ. ಮೊದಲು ಬಂಜಿ ಅಂತ ನೋಡತಿದ್ರು. ಇನ್ನ ಮ್ಯಾಲೆ ಅಯ್ಯ ಪಾಪ ಅಂತ ನೋಡ್ತಾರ. ಅದು ಭಾಳ ತ್ರಾಸ್ ಆಗ್ತೈತ್ರಿ."

ಕಳಕವ್ವ ಶೇಂಗಾ ಸುಲಿಯುತ್ತಲೇ ಇದ್ದಳು. ತಾನು ಹೋದರೆ ಓಣಿಗೆ ನೀರು ಹಾಕುವವರು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬರಲೂ ಇಲ್ಲ. "ಹೊನ್ನೇಶಗ ಹೇಳ್ತೀನಿ, ಮುಂಡರಗ್ಯಾಗ ಮನಿ ನೋಡ್ಲಿ" ಎಂದಳು. "ನೀ ಸೀದಾ ಅಲ್ಲಿಗೇ ಬಾ. ಬೆಟಗೇರಿಗೆ ಬರೂದು ಬ್ಯಾಡ."

"ನೀವು?"

"ನೀ ಕರದ್ರ ಬರ್ತೀನಿ."

ಭಾಗ್ಯಾ ಸುಲಿದ ಕಾಳನ್ನು ಮೊರದಲ್ಲಿ ಕೇರಿದಳು. "ಬರ್ರಿ" ಎಂದಳು ಆಮೇಲೆ, ಮುಖ ನೋಡದೆ. "ಪುಸ್ತಕ ತರಬ್ಯಾಡ್ರಿ."

ಮನೆ ಖಾಲಿ ಮಾಡಿದ ದಿನ ಹೊನ್ನೇಶ ಒಂದು ಸಣ್ಣ ಗಾಡಿ ತಂದ. ಹಾಸಿಗೆ, ಡಬ್ಬಿ, ಗ್ಯಾಸಿನ ಒಲೆ, ಭಾಗ್ಯಾನ ಹೊಲಿಗೆ ಯಂತ್ರ ಎಲ್ಲ ಏರಿತು. ಅಮೀನಬಿ ಕಟಿಕರೊಟ್ಟಿ ಕಟ್ಟಿ ತಂದುಕೊಟ್ಟು, ಏನೋ ಹೇಳಲು ಹೋಗಿ, "ನೀರಿನ ಬಾಟ್ಲಿ ತಗೊಂಡಿಯಿಲ್ಲೋ" ಎಂದಷ್ಟೇ ಕೇಳಿದಳು. ಕಳಕವ್ವ ಖಾಲಿ ಮನೆಯನ್ನು ಒಮ್ಮೆ ನೋಡಿ ಬಾಗಿಲು ಎಳೆದುಕೊಂಡು, ಕೀಲಿಯನ್ನು ಮಗನಿಗೆ ಕೊಟ್ಟಳು.

"ಮುಂದ ಕುಂಡ್ರಬೇ ಯವ್ವಾ, ಡ್ರೈವರನ ಬಾಜೂಕ" ಎಂದ ಹೊನ್ನೇಶ.

"ನೀವು ರೋಡಿಗೆ ಹೋಗಿ ನಿಂದರ್ರಿ. ನಾ ನಡಕೊಂಡು ಬರ್ತೀನಿ."

ಗಾಡಿ ಹೋಯಿತು. ಮುಖ ಮುಚ್ಚಿಕೊಂಡು ಹೋಗುವುದು ಸುಲಭವಿತ್ತು, ಅದಕ್ಕೇ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ಕಟ್ಟೆಗಳ ಮೇಲೆ ಕೂತವರಲ್ಲಿ ಕೆಲವರು ಮಾತು ನಿಲ್ಲಿಸಿದರು, ಕೆಲವರು ನಿಲ್ಲಿಸಲಿಲ್ಲ. ಪಕ್ಕದ ಮನೆಯ ಮುಂದೆ ಕಾವೇರಿ ಅಂಗಳಕ್ಕೆ ನೀರು ಚೆಲ್ಲುತ್ತಿದ್ದಳು. ಕಳಕವ್ವ ಹತ್ತಿರ ಬಂದಾಗ ಅವಳು ತಲೆ ಎತ್ತಲಿಲ್ಲ. ಬಕೆಟ್ಟಿನಲ್ಲಿ ಕೈಯಿಟ್ಟವಳು, ಕಳಕವ್ವ ದಾಟಿ ಹೋಗುವವರೆಗೆ ನೀರು ಚೆಲ್ಲದೆ ನಿಂತಳು. ಗಾಡಿ ಹಾರ್ನ್ ಹೊಡೆಯಿತು. ಅವಳು ಒದ್ದೆ ನೆಲದ ಅಂಚಿನಲ್ಲಿ ಕಾಲು ಜಾರದಂತೆ ನೋಡಿಕೊಳ್ಳುತ್ತ ನಡೆದಳು.